ರಾಷ್ಟ್ರಸೇವೆ ವಿಸ್ತರಣೆಯ ಪ್ರಸ್ತಾವ: ಬರೆಯುವುದು ಹೇಗೆ, ಬರೆದದ್ದನ್ನು ಜರಡಿ ಹಿಡಿಯುವುದು ಹೇಗೆ

ಯುವಜನರು ಒಂದು ವರ್ಷ ಶಾಲೆ, ಕಾಡು, ಆಸ್ಪತ್ರೆ, ನೆರೆ ಪರಿಹಾರದ ಕೆಲಸಕ್ಕೆ ಬರಲಿ. ಬಲವಂತ ಬೇಡ, ಬಂದವರಿಗೆ ಜೀವನಭತ್ಯೆ ಕೊಡೋಣ, ಮುಗಿಸಿದವರಿಗೆ ಕಾಲೇಜು ಖರ್ಚಿಗೆ ಹಣ ಕೊಡೋಣ. ಅಮೆರಿಕದ ರಾಜಕೀಯದಲ್ಲಿ ಈ ಮಾತನ್ನು ಎರಡೂ ಪಕ್ಷದವರು ಆಡಿದ್ದಾರೆ. ಜಾರ್ಜ್ ಡಬ್ಲ್ಯು. ಬುಷ್ 2002ರಲ್ಲಿ, ಇಂಥ ಸೇವೆಗೆಂದೇ ಇರುವ ಸರ್ಕಾರಿ ಯೋಜನೆಯಾದ ಅಮೆರಿಕಾರ್ಪ್ಸ್‌ನ 50,000 ಸ್ಥಾನಗಳನ್ನು 75,000ಕ್ಕೆ ಏರಿಸುವುದಾಗಿ ಹೇಳಿದರು. 2009ರ ಏಪ್ರಿಲ್ 21ರಂದು ಒಬಾಮ ಸಹಿ ಹಾಕಿದ ಎಡ್ವರ್ಡ್ ಕೆನಡಿ ಸರ್ವ್ ಅಮೆರಿಕ ಕಾಯ್ದೆ 2017ರ ಹೊತ್ತಿಗೆ 2.5 ಲಕ್ಷ ಎಂದಿತು. ಸಂಸತ್ತೇ ನೇಮಿಸಿದ ಆಯೋಗವೊಂದು 2020ರ ಮಾರ್ಚ್‌ನಲ್ಲಿ ಅಂತಿಮ ವರದಿ ಕೊಟ್ಟು, 2031ಕ್ಕೆ ಹತ್ತು ಲಕ್ಷ ಎಂಬ ಗುರಿ ಇಟ್ಟಿತು. ಇಷ್ಟೆಲ್ಲ ಆದರೂ ಅಮೆರಿಕಾರ್ಪ್ಸ್‌ನ ಸ್ಥಾನಗಳು ಮುಕ್ಕಾಲು ಲಕ್ಷದ ಆಸುಪಾಸು ಬಿಟ್ಟು ಮೇಲೇರಲಿಲ್ಲ.

ಜನ ಬರಲಿಲ್ಲ ಎಂದಲ್ಲ. ಪ್ರಸ್ತಾವಗಳನ್ನು ಮೇಲಿನಿಂದ ಕೆಳಕ್ಕೆ ಬರೆಯುತ್ತಾರೆ: ಮೊದಲು ದೊಡ್ಡ ಸಂಖ್ಯೆ, ಆಮೇಲೆ ಹಣ, ಕೊನೆಗೆ ಯಾವಾಗಲೋ ಕೆಲಸದ ಸ್ಥಳ. ಬರೆಯುವವರೂ ಓದುವವರೂ ಇದನ್ನು ತಿರುಗಿಸಬೇಕು. ಒಬ್ಬ ಸದಸ್ಯೆ ಸೋಮವಾರ ಬೆಳಿಗ್ಗೆ ಎಲ್ಲಿಗೆ ಹೋಗಿ, ಯಾರ ಕೈಕೆಳಗೆ, ಎಷ್ಟು ಗಂಟೆ, ಏನು ಮಾಡುತ್ತಾಳೆ ಎಂಬಲ್ಲಿಂದ ಶುರುಮಾಡಿ ಮೇಲಕ್ಕೆ ಹೋದರೆ ಪೊಳ್ಳು ಎಲ್ಲಿದೆ ಎಂದು ತಾನಾಗಿ ಗೊತ್ತಾಗುತ್ತದೆ. ಪಕ್ಷದ ಪ್ರಣಾಳಿಕೆ ಬರೆಯುವವರು, ಜನಪ್ರತಿನಿಧಿಗಳ ಕಚೇರಿಯಲ್ಲಿ ಮಸೂದೆ ಓದುವವರು, ವರದಿಗಾರರು, ವಿದ್ಯಾರ್ಥಿಗಳು ಯಾರೇ ಆಗಲಿ, ಕ್ರಮ ಇದೇ.

ಸ್ವಯಂಪ್ರೇರಿತವೇ ಎಂದು ಮೊದಲು ನೋಡಿ

‘ಸಾರ್ವತ್ರಿಕ’ ಎಂಬ ಪದ ಕಂಡ ಕೂಡಲೇ ನಿಲ್ಲಿ. ಅದಕ್ಕೆ ಎರಡು ಅರ್ಥ. ಬಯಸಿದ ಪ್ರತಿಯೊಬ್ಬರಿಗೂ ಸ್ಥಾನ ಸಿಗುತ್ತದೆ ಎಂಬುದು ಒಂದು, ಪ್ರತಿಯೊಬ್ಬರೂ ಮಾಡಲೇಬೇಕು ಎಂಬುದು ಇನ್ನೊಂದು. ಫ್ರಾನ್ಸ್‌ನಲ್ಲಿ ಎರಡೂ ಅರ್ಥಗಳ ಯೋಜನೆ ಒಟ್ಟೊಟ್ಟಿಗೆ ಇದ್ದವು. 2010ರ ಮಾರ್ಚ್ 10ರ ಕಾನೂನಿನಿಂದ ಬಂದ ‘ಸರ್ವಿಸ್ ಸಿವಿಕ್’ ಬಯಸಿದವರಿಗೆ ಮಾತ್ರ. 2019ರಲ್ಲಿ ಪ್ರಯೋಗ ಶುರುವಾದ ‘ಸರ್ವಿಸ್ ನ್ಯಾಷನಲ್ ಯೂನಿವರ್ಸೆಲ್’ (ಸಾರ್ವತ್ರಿಕ ರಾಷ್ಟ್ರಸೇವೆ) ಮುಂದೆ ಎಲ್ಲ ಹದಿಹರೆಯದವರಿಗೂ ಕಡ್ಡಾಯವಾಗಲಿ ಎಂಬ ಕನಸು. ಮೊದಲನೆಯದು 2018ರಲ್ಲಿ ಸುಮಾರು 1.4 ಲಕ್ಷ ಯುವಜನರನ್ನು ತಲುಪಿತು. ಎರಡನೆಯದನ್ನು ಕೊನೆಗೆ ಕೈಬಿಡಲಾಯಿತು.

ಬ್ರಿಟನ್ನಿನಲ್ಲಿ 2024ರ ಚುನಾವಣೆಗೆ ಕನ್ಸರ್ವೇಟಿವ್ ಪಕ್ಷ ಮುಂದಿಟ್ಟದ್ದು 18 ತುಂಬಿದವರಿಗೆ ಕಡ್ಡಾಯ: ಒಂದೋ ಸೈನ್ಯದಲ್ಲಿ ಒಂದು ವರ್ಷ, ಇಲ್ಲವೇ ತಿಂಗಳಿಗೊಂದು ವಾರಾಂತ್ಯದಂತೆ ವರ್ಷಕ್ಕೆ 25 ದಿನ ಸಮುದಾಯದ ಕೆಲಸ. ಆ ಎರಡನೇ ಭಾಗವನ್ನು ‘ವಾಲಂಟಿಯರಿಂಗ್’ ಎಂದೇ ಕರೆದಿದ್ದರು. ಮಾಡಲೇಬೇಕಾದದ್ದನ್ನು ಸ್ವಯಂಸೇವೆ ಎಂದು ಕರೆದರೆ ಚರ್ಚೆಯೆಲ್ಲ ಆ ಒಂದು ಪದದ ಸುತ್ತಲೇ ಸುತ್ತುತ್ತದೆ, ಯೋಜನೆ ಮೂಲೆ ಸೇರುತ್ತದೆ. ಬರೆಯುವವರು ಮೊದಲ ಪುಟದಲ್ಲೇ ಒಂದು ಸಾಲು ಹಾಕಿ: ‘ಸೇರದಿದ್ದವರಿಗೆ ಯಾವ ದಂಡವೂ ಇಲ್ಲ, ಯಾವ ಸವಲತ್ತೂ ತಪ್ಪುವುದಿಲ್ಲ.’ ಈ ಸಾಲು ಹಾಕಲು ಮನಸ್ಸು ಬಾರದಿದ್ದರೆ ನೀವು ಬರೆಯುತ್ತಿರುವುದು ಬೇರೆ ಪ್ರಸ್ತಾವ.

ತಲೆ ಎಣಿಸಬೇಡಿ, ಗಂಟೆ ಎಣಿಸಿ

ಅಮೆರಿಕಾರ್ಪ್ಸ್‌ನಲ್ಲಿ ಪೂರ್ಣಾವಧಿ ಎಂದರೆ 1,700 ಗಂಟೆ. ಅದರ ಕೆಳಗೆ 1,200, 900, 675, 450, 300 ಗಂಟೆಗಳ ಸ್ಥಾನಗಳಿವೆ. ಘೋಷಣೆಯಲ್ಲಿ ಮಾತ್ರ ಎಲ್ಲವೂ ‘ಒಬ್ಬ ಸದಸ್ಯ’. ಒಂದು ಲಕ್ಷ ಹೊಸ ಸದಸ್ಯರು ಎಂದು ಹೇಳಿ, ಎಲ್ಲರನ್ನೂ 300 ಗಂಟೆಯ ಸ್ಥಾನಕ್ಕೆ ಹಾಕಿದರೆ ಕೈಗೆ ಬರುವುದು ಮೂರು ಕೋಟಿ ಗಂಟೆ. 1,700ರಿಂದ ಭಾಗಿಸಿ: 17,647 ಪೂರ್ಣಾವಧಿ ಜನರ ದುಡಿಮೆ. ಬಜೆಟ್ ಸೊರಗಿದಾಗ ಅಧಿಕಾರಿಗಳು ಮೊದಲು ಕೈಹಾಕುವುದು ಇಲ್ಲಿಗೇ. ದೊಡ್ಡ ಸ್ಥಾನಗಳನ್ನು ಒಡೆದು ಸಣ್ಣವು ಮಾಡಿದರೆ ಗುರಿಯ ಸಂಖ್ಯೆ ತಲುಪಿದಂತೆಯೂ ಆಗುತ್ತದೆ, ಖರ್ಚೂ ಉಳಿಯುತ್ತದೆ.

ಸಣ್ಣ ಸ್ಥಾನ ಕೆಟ್ಟದ್ದೇನಲ್ಲ. ಬೇಸಿಗೆ ಶಿಬಿರಕ್ಕೆ 300 ಗಂಟೆ ಸಾಕು. ಸ್ಥಾನ ಕೆಲಸಕ್ಕೆ ಹೊಂದುತ್ತದೆಯೇ ಎಂಬುದು ಮುಖ್ಯ. ಶಾಲೆಯೊಂದರಲ್ಲಿ ಮಕ್ಕಳಿಗೆ ಓದು ಕಲಿಸುವ ಸದಸ್ಯೆಯ ಲೆಕ್ಕ ಹಾಕಿ ನೋಡೋಣ. ಸೆಪ್ಟೆಂಬರ್ ಮೊದಲ ವಾರದಿಂದ ಜೂನ್ ಮಧ್ಯದವರೆಗೆ ಸುಮಾರು 40 ವಾರ. ರಜೆಗಳನ್ನು ಕಳೆದರೆ 37. ಶಾಲೆ ತೆರೆದಿರುವ ಹೊತ್ತು, ತಯಾರಿ, ಸಭೆ ಎಲ್ಲ ಸೇರಿ ವಾರಕ್ಕೆ 35 ಗಂಟೆ ಎಂದುಕೊಂಡರೂ ಆಗುವುದು 1,295 ಗಂಟೆ. 1,700 ಮುಟ್ಟಬೇಕಾದರೆ ವಾರಕ್ಕೆ 46 ಗಂಟೆ ದುಡಿಯಬೇಕು, ಅದೂ ಒಂದು ದಿನ ಜ್ವರ ಬಾರದೆ. ಆಗೇನಾಗುತ್ತದೆ? ಮಾರ್ಚ್ ಬರುವಷ್ಟರಲ್ಲಿ ಟೈಮ್‌ಶೀಟಿನಲ್ಲಿ ಗಂಟೆ ಹಿಂದೆ ಬಿದ್ದಿರುತ್ತದೆ. ಶನಿವಾರ ಉದ್ಯಾನ ಗುಡಿಸುವುದು, ಕವರಿಗೆ ಕಾಗದ ತುಂಬುವುದು ಮುಂತಾದ ಹೊತ್ತು ತುಂಬಿಸುವ ಕೆಲಸ ಹುಡುಕುತ್ತಾರೆ. ಕೊನೆಗೆ ಕೆಲವರು ಗಂಟೆ ಸಾಲದೆ ಶಿಕ್ಷಣದ ಹಣ ಕಳೆದುಕೊಳ್ಳುತ್ತಾರೆ. ಇದೇ ಕೆಲಸಕ್ಕೆ 1,200 ಗಂಟೆಯ ಸ್ಥಾನ ಕೊಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಪೂರ್ಣ ಶಿಕ್ಷಣ ಹಣದ ಶೇ 70 ಸಿಗುತ್ತಿತ್ತು.

ಆದ್ದರಿಂದ ಪ್ರಸ್ತಾವದಲ್ಲಿ ಒಂದು ಕೋಷ್ಟಕ ಇರಲೇಬೇಕು: ಯಾವ ಬಗೆಯ ಕೆಲಸ, ವರ್ಷದಲ್ಲಿ ಎಷ್ಟು ವಾರ, ವಾರಕ್ಕೆ ಎಷ್ಟು ಗಂಟೆ, ಅದಕ್ಕೆ ಯಾವ ಸ್ಥಾನ. ತರಬೇತಿಗೆ ಹೋಗುವ ಹೊತ್ತನ್ನೂ ಇದರೊಳಗೇ ಹಿಡಿಯಿರಿ. ಒಂದು ಕಾರ್ಯಕ್ರಮದ ಒಟ್ಟು ಗಂಟೆಗಳಲ್ಲಿ ಶೇ 20ಕ್ಕಿಂತ ಹೆಚ್ಚು ತರಬೇತಿಗೆ ಹೋಗುವಂತಿಲ್ಲ ಎಂಬ ನಿಯಮವಿದೆ. 1,700ರಲ್ಲಿ ಅದು 340 ಗಂಟೆ, ಬೇಕಾದಷ್ಟಾಯಿತು. ಜರ್ಮನಿಯ ಒಕ್ಕೂಟ ಸ್ವಯಂಸೇವೆಯಲ್ಲಿ 27 ವರ್ಷದೊಳಗಿನವರಿಗೆ 12 ತಿಂಗಳಿಗೆ 25 ದಿನದ ವಿಚಾರಗೋಷ್ಠಿ ಕಡ್ಡಾಯ. ಅಲ್ಲಿ ಸೇವೆ ಎಂದರೆ ಕಲಿಕೆಯೂ ಹೌದು ಎಂಬ ನಂಬಿಕೆ ಕಾನೂನಿನಲ್ಲೇ ಕೂತಿದೆ. ಅಮೆರಿಕದ ಪ್ರಸ್ತಾವಗಳು ಎರವಲು ಪಡೆಯಬಹುದಾದ ಮೊದಲ ಸಂಗತಿ ಇದು.

ಕಾಯ್ದೆ ಬೇರೆ, ಧನವಿನಿಯೋಗ ಬೇರೆ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಅಮೆರಿಕದ ಸಂಸತ್ತು ಒಂದು ಯೋಜನೆಗೆ ‘ಇಷ್ಟು ಸ್ಥಾನ ಇರಬಹುದು, ಇಷ್ಟು ಖರ್ಚು ಮಾಡಬಹುದು’ ಎಂದು ಅನುಮತಿ ಕೊಡುವ ಕಾಯ್ದೆ ಒಂದು. ಖಜಾನೆಯಿಂದ ಹಣ ನಿಜವಾಗಿ ಬಿಡುವ ಧನವಿನಿಯೋಗ ಮಸೂದೆ ಇನ್ನೊಂದು. ಎರಡನೆಯದು ಪ್ರತಿ ವರ್ಷ ಹೊಸದಾಗಿ ಪಾಸಾಗಬೇಕು. ಮೊದಲನೆಯದರಲ್ಲಿ ಎಷ್ಟೇ ಬರೆದಿರಲಿ, ಎರಡನೆಯದು ಬರದಿದ್ದರೆ ಎಲ್ಲವೂ ಕಾಗದದ ಮೇಲೆ.

2009ರ ಕಾಯ್ದೆಯನ್ನೇ ತೆಗೆದುಕೊಳ್ಳಿ. ಮೆಟ್ಟಿಲುಗಳು ಅಚ್ಚುಕಟ್ಟಾಗಿದ್ದವು: 2010ಕ್ಕೆ 88,000, ಮರುವರ್ಷ 1.15 ಲಕ್ಷ, ಆಮೇಲೆ 1.4, 1.7, 2, 2.1, 2.35 ಲಕ್ಷ, ಕೊನೆಗೆ 2017ಕ್ಕೆ 2.5 ಲಕ್ಷ. ಆದರೆ ಹಣದ ಅನುಮತಿಯ ಅವಧಿ 2014ಕ್ಕೇ ಮುಗಿಯುತ್ತಿತ್ತು; ಬಹುಪಾಲು ಕಡೆ ಮೊತ್ತ ಬರೆಯುವ ಬದಲು ‘ಅಗತ್ಯವಿರುವಷ್ಟು’ ಎಂದು ಬರೆದಿದ್ದರು. ಅಗತ್ಯ ಎಷ್ಟು ಎಂದು ತೀರ್ಮಾನಿಸುವವರು ಮುಂದಿನ ಸಂಸತ್ತಿನವರು. 2010ರ ಚುನಾವಣೆಯಲ್ಲಿ ಕೆಳಮನೆ ಕೈಬದಲಾಯಿತು, 2011ರ ಆರಂಭದಲ್ಲೇ ಆ ಮನೆ ಅಮೆರಿಕಾರ್ಪ್ಸ್ ನಡೆಸುವ ಇಡೀ ಸಂಸ್ಥೆಯ ಹಣ ನಿಲ್ಲಿಸುವ ಮಸೂದೆಗೆ ಮತ ಹಾಕಿತು. ಮೇಲ್ಮನೆಯಿಂದಾಗಿ ಅಮೆರಿಕಾರ್ಪ್ಸ್ ಬದುಕಿತು, ಆದರೆ ಶಾಲಾಮಕ್ಕಳ ಸೇವಾಕಲಿಕೆಗೆ ಹಣ ಕೊಡುತ್ತಿದ್ದ ‘ಲರ್ನ್ ಆ್ಯಂಡ್ ಸರ್ವ್ ಅಮೆರಿಕ’ ಅದೇ ವರ್ಷ ಮುಚ್ಚಿತು. ಮೆಟ್ಟಿಲುಗಳು ಕಾಯ್ದೆಯಲ್ಲಿ ಹಾಗೇ ಉಳಿದವು, ಹತ್ತಿದವರಿಲ್ಲ.

ಇನ್ನೊಂದು ದಾರಿ ಅಧ್ಯಕ್ಷರ ಆದೇಶ. ಬೇಗ ಆಗುತ್ತದೆ, ಬೇಗ ಹೋಗುತ್ತದೆ. ಅಧ್ಯಕ್ಷ ಜಾನ್ ಕೆನಡಿ 1961ರ ಮಾರ್ಚ್ 1ರಂದು, ಸ್ವಯಂಸೇವಕರನ್ನು ಹೊರದೇಶಗಳಿಗೆ ಕಳಿಸುವ ಪೀಸ್ ಕಾರ್ಪ್ಸ್‌ ಅನ್ನು ಆದೇಶದಿಂದಲೇ ಹುಟ್ಟುಹಾಕಿದರು. ಆದರೆ ಅದೇ ಸೆಪ್ಟೆಂಬರ್‌ನಲ್ಲಿ ಕಾಯ್ದೆ ಬಂತು, ಆದ್ದರಿಂದ ಉಳಿಯಿತು. 2023ರ ಸೆಪ್ಟೆಂಬರ್‌ನಲ್ಲಿ ಬೈಡನ್ ಸರ್ಕಾರ ಘೋಷಿಸಿದ, ಹವಾಮಾನ ಬದಲಾವಣೆ ಎದುರಿಸುವ ಕೆಲಸದ ಅಮೆರಿಕನ್ ಕ್ಲೈಮೇಟ್ ಕಾರ್ಪ್ಸ್‌ಗೆ ಮೊದಲ ವರ್ಷಕ್ಕೆ 20,000 ಜನ ಎಂಬ ಗುರಿ ಇತ್ತು, ಸ್ವಂತ ಕಾಯ್ದೆ ಇರಲಿಲ್ಲ. ಇರುವ ಯೋಜನೆಗಳನ್ನೇ ಒಂದು ಹೆಸರಿನಡಿ ಹೊಲಿದದ್ದು. 2025ರ ಜನವರಿ 20ರಂದು ಹೊಸ ಅಧ್ಯಕ್ಷರ ಆದೇಶದ ಒಂದು ಸಾಲಿನಲ್ಲಿ ಅದು ಮುಗಿಯಿತು.

ಹಾಗಾಗಿ ಪ್ರಸ್ತಾವ ಓದುವಾಗ ಪೆನ್ನು ಹಿಡಿದು ನಾಲ್ಕು ಕಡೆ ಗುರುತು ಹಾಕಿ. ಸ್ಥಾನಗಳ ಸಂಖ್ಯೆ ‘ಗುರಿ’ ಎಂದಿದೆಯೋ ‘ಇರತಕ್ಕದ್ದು’ ಎಂದು ಕಡ್ಡಾಯ ಮಾಡಿದೆಯೋ? ಹಣ ಅಂಕಿಯಲ್ಲಿದೆಯೋ ‘ಅಗತ್ಯವಿರುವಷ್ಟು’ ಎಂದಿದೆಯೋ? ಸ್ಥಾನಗಳ ಕೊನೆಯ ವರ್ಷವೂ ಹಣದ ಅನುಮತಿಯ ಕೊನೆಯ ವರ್ಷವೂ ಒಂದೇಯೋ? ಮೊದಲ ವರ್ಷದ ಹಣ ಮಸೂದೆಯಲ್ಲೇ ಸೇರಿದೆಯೋ? ಕೊನೆಯದು ಅಪರೂಪ, ಆದರೆ ಸಾಧ್ಯ: 2021ರ ಅಮೆರಿಕನ್ ರೆಸ್ಕ್ಯೂ ಪ್ಲಾನ್ ಕಾಯ್ದೆ ಅಮೆರಿಕಾರ್ಪ್ಸ್‌ಗೆ ನೂರು ಕೋಟಿ ಡಾಲರ್ ನೇರವಾಗಿ ಕೊಟ್ಟಿತು. ಒಂದೇ ಸಲದ ಹಣ ಅದು. ಒಂದು ಸಲ ಬರುವ ಹಣದಿಂದ ಭತ್ಯೆ ಏರಿಸಬಹುದು, ಬಾಕಿ ತೀರಿಸಬಹುದು. ಪ್ರತಿ ವರ್ಷ ಬೇಕಾಗುವ ಸ್ಥಾನ ಹೆಚ್ಚಿಸಿದರೆ ಮೂರನೇ ವರ್ಷ ಕೈ ಕಟ್ಟಿಹಾಕಿಕೊಂಡಂತೆ.

ಒಬ್ಬ ಸದಸ್ಯನ ಖರ್ಚನ್ನು ಬಿಡಿಸಿ ಬರೆಯಿರಿ

ಕೆಳಗಿನ ಅಂಕಿಗಳಲ್ಲಿ ಬಹುಪಾಲು ಲೆಕ್ಕದ ವಿಧಾನ ತೋರಿಸಲು ಇಟ್ಟುಕೊಂಡ ದುಂಡು ಸಂಖ್ಯೆಗಳು. ನಿಮ್ಮ ಪ್ರಸ್ತಾವದ ಅಂಕಿಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.

ಪೂರ್ಣಾವಧಿ ಭತ್ಯೆ 20,000 ಡಾಲರ್ ಎನ್ನೋಣ. ಅದರ ಮೇಲೆ, ಸರ್ಕಾರದ ಅನುದಾನ ಪಡೆದು ಸದಸ್ಯರಿಗೆ ಕೆಲಸ ಕೊಡುವ ಸಂಸ್ಥೆ ಕಟ್ಟುವ ಸೋಶಿಯಲ್ ಸೆಕ್ಯುರಿಟಿ (ಪಿಂಚಣಿ) ಮತ್ತು ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ತೆರಿಗೆ ಶೇ 7.65, ಅಂದರೆ 1,530. ಆರೋಗ್ಯ ವಿಮೆ 3,000. ತರಬೇತಿ, ಓಡಾಟ, ಸಮವಸ್ತ್ರ 1,500. ಹನ್ನೆರಡು ಸದಸ್ಯರಿಗೆ ಒಬ್ಬ ಮೇಲ್ವಿಚಾರಕ, ಸಂಬಳ ಸವಲತ್ತು ಸೇರಿ ವರ್ಷಕ್ಕೆ 66,000 ಆದರೆ ತಲೆಗೆ 5,500. ಹಿನ್ನೆಲೆ ತಪಾಸಣೆ, ಲೆಕ್ಕಪತ್ರ, ಕಚೇರಿ 2,000. ಒಟ್ಟು 33,530. ಇದಕ್ಕೆ ಹೊರತಾಗಿ ಶಿಕ್ಷಣದ ಹಣ. ಅದು ಕೇಂದ್ರ ಸರ್ಕಾರದ ಬಡ ವಿದ್ಯಾರ್ಥಿ ಅನುದಾನವಾದ ಪೆಲ್ ಗ್ರಾಂಟ್‌ನ ಗರಿಷ್ಠ ಮೊತ್ತಕ್ಕೆ ಜೋಡಿಸಿದ್ದು, 2024-25ರಲ್ಲಿ 7,395 ಡಾಲರ್.

33,530ರಲ್ಲಿ ಸಂಸ್ಥೆ ತನ್ನ ವಂತಿಗೆ ಹಾಕಬೇಕು: ಮೊದಲ ಮೂರು ವರ್ಷ ಶೇ 24, ಆಮೇಲೆ ಏರುತ್ತಾ ಹತ್ತನೇ ವರ್ಷಕ್ಕೆ ಶೇ 50. ಮೊದಲ ವರ್ಷ ಸಂಸ್ಥೆಯ ಪಾಲು 8,047, ಸರ್ಕಾರದ ಪಾಲು 25,483. ಒಂದು ಲಕ್ಷ ಹೊಸ ಸ್ಥಾನಕ್ಕೆ ಸರ್ಕಾರದ ಪಾಲು ಸುಮಾರು 255 ಕೋಟಿ ಡಾಲರ್, ಶಿಕ್ಷಣದ ಹಣ ಗರಿಷ್ಠ 74 ಕೋಟಿ. 2023ರಲ್ಲಿ ಇಡೀ ಅಮೆರಿಕಾರ್ಪ್ಸ್ ಸಂಸ್ಥೆಗೆ ಸಿಕ್ಕಿದ್ದೇ ಸುಮಾರು 130 ಕೋಟಿ. ಒಂದು ಪ್ರಸ್ತಾವ ‘ಒಂದು ಲಕ್ಷ ಹೆಚ್ಚುವರಿ ಪೂರ್ಣಾವಧಿ ಸ್ಥಾನ, ಐವತ್ತು ಕೋಟಿ ಖರ್ಚು’ ಎಂದರೆ ಎರಡರಲ್ಲಿ ಒಂದು ಸುಳ್ಳು, ಇಲ್ಲವೇ ಭತ್ಯೆಯ ಸಾಲು ಕಾಣೆಯಾಗಿದೆ.

ವಂತಿಗೆಯ ಸಾಲನ್ನು ಹತ್ತನೇ ವರ್ಷದವರೆಗೂ ಎಳೆದು ನೋಡುವವರು ಕಡಿಮೆ. ಹತ್ತನೇ ವರ್ಷ ಸಂಸ್ಥೆ ತಲೆಗೆ 16,765 ಹಾಕಬೇಕು. ನಗರದ ದೊಡ್ಡ ಸಂಸ್ಥೆಗೆ ದಾನಿಗಳಿದ್ದಾರೆ, ಹಳ್ಳಿಗಾಡಿನ ಸಣ್ಣದಕ್ಕೆ ಇಲ್ಲ. ಇನ್ನೊಂದು ಪೇಚು: ಸಾಮಾನ್ಯ ಅನುದಾನದಲ್ಲಿ ಮೊದಲು ಕೈಯಿಂದ ಖರ್ಚು ಮಾಡಿ ಆಮೇಲೆ ಬಿಲ್ಲು ಹಾಕಿ ವಸೂಲು ಮಾಡಬೇಕು. ಎರಡು ತಿಂಗಳ ಭತ್ಯೆ ಮುಂಗಡ ಕೊಡುವ ಶಕ್ತಿ ಇಲ್ಲದವರು ಅರ್ಜಿಯನ್ನೇ ಹಾಕುವುದಿಲ್ಲ. ವಿಸ್ತರಣೆ ನಿಜವಾಗಿಯೂ ಎಲ್ಲ ಕಡೆ ಹರಡಬೇಕೆಂದರೆ ಪ್ರಸ್ತಾವದಲ್ಲಿ ಬಡ ಪ್ರದೇಶದ ಸಂಸ್ಥೆಗಳಿಗೆ ವಂತಿಗೆ ವಿನಾಯಿತಿ, ತಲಾ ಇಷ್ಟೆಂದು ನಿಗದಿಯಾದ ಅನುದಾನ, ಮುಂಗಡ ಈ ಮೂರೂ ಇರಲಿ.

ಶಿಕ್ಷಣದ ಹಣ: ಇಂದಿನ ಸ್ಥಾನ, ನಾಳೆಯ ಸಾಲ

ಸೇವೆ ಮುಗಿಸಿದ ಸದಸ್ಯ ಈ ಹಣ ಬಳಸಲು ಏಳು ವರ್ಷ ಸಮಯವಿದೆ. ಆದ್ದರಿಂದ ಸರ್ಕಾರ ಇದಕ್ಕೊಂದು ಟ್ರಸ್ಟ್ ಇಟ್ಟಿದೆ. ಸ್ಥಾನ ಮಂಜೂರಾದಾಗಲೇ ಅದರ ಹಣ ಅಲ್ಲಿ ಇರಬೇಕು. ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬುಷ್ ಕಾಲದ ವಿಸ್ತರಣೆಯೇ ಸಾಕ್ಷಿ. ದಾಖಲಾತಿ ಏರಿತು, ಟ್ರಸ್ಟಿನಲ್ಲಿ ಹಣ ಸಾಲದೆ 2002ರ ನವೆಂಬರ್‌ನಲ್ಲಿ ಹೊಸ ದಾಖಲಾತಿಯನ್ನೇ ನಿಲ್ಲಿಸಬೇಕಾಯಿತು. ಅಧ್ಯಕ್ಷರು ‘ಬನ್ನಿ’ ಎಂದ ವರ್ಷವೇ ಬಾಗಿಲು ಮುಚ್ಚಿದಂತಾಯಿತು. 2003ರ ಜುಲೈನಲ್ಲಿ ಸಂಸತ್ತು ಲೆಕ್ಕದ ಕ್ರಮವನ್ನೇ ಕಾನೂನಾಗಿ ಬರೆಯಿತು: ಸ್ಥಾನ ಮಂಜೂರು ಮಾಡುವಾಗ ಎಷ್ಟು ಜನ ಸೇರುತ್ತಾರೆ, ಎಷ್ಟು ಜನ ಮುಗಿಸುತ್ತಾರೆ, ಮುಗಿಸಿದವರಲ್ಲಿ ಎಷ್ಟು ಜನ ಹಣ ಬಳಸುತ್ತಾರೆ ಎಂಬ ಹಿಂದಿನ ಅನುಭವದ ಮೇಲೆ ಅಂದಾಜು ಮಾಡಿ ಅಷ್ಟನ್ನು ಬದಿಗಿಡಬೇಕು.

ಇಲ್ಲಿ ಪ್ರಸ್ತಾವ ಬರೆಯುವವರು ಮಾಡುವ ಸೂಕ್ಷ್ಮ ತಪ್ಪು ಒಂದಿದೆ. ಭತ್ಯೆ ಏರಿಸಿದರೆ, ಹಣವನ್ನು ತೆರಿಗೆಮುಕ್ತ ಮಾಡಿದರೆ ಮುಗಿಸುವವರ ಮತ್ತು ಬಳಸುವವರ ಪ್ರಮಾಣವೂ ಏರುತ್ತದೆ. ಹಳೇ ಪ್ರಮಾಣ ಇಟ್ಟುಕೊಂಡು ಹೊಸ ಸವಲತ್ತಿನ ಲೆಕ್ಕ ಹಾಕಿದರೆ ಟ್ರಸ್ಟು ಮತ್ತೆ ಬರಿದಾಗುತ್ತದೆ. ಯೋಜನೆ ಚೆನ್ನಾಗಿ ನಡೆದಷ್ಟೂ ಖರ್ಚು ಹೆಚ್ಚುತ್ತದೆ ಎಂಬ ಊಹೆಯಲ್ಲೇ ಅಂದಾಜು ಮಾಡಿ.

ಅಂದ ಹಾಗೆ, ಬಳಸಿದ ವರ್ಷ ಈ ಹಣಕ್ಕೆ ಆದಾಯ ತೆರಿಗೆ ಬೀಳುತ್ತದೆ. ಅದನ್ನು ತೆಗೆಯುವ ಮಸೂದೆಗಳು ಮತ್ತೆ ಮತ್ತೆ ಬಂದಿವೆ. 55 ದಾಟಿ ಸೇವೆಗೆ ಸೇರಿದವರು ತಮ್ಮ ಹಣವನ್ನು ಮಗ, ಮಗಳು, ಮೊಮ್ಮಕ್ಕಳಿಗೆ ವರ್ಗಾಯಿಸಬಹುದು ಎಂಬ ನಿಯಮ 2009ರದು. ಹಿರಿಯರನ್ನು ಸೆಳೆಯಬೇಕೆಂಬ ಪ್ರಸ್ತಾವಗಳು ಹೊಸ ಯೋಜನೆ ಕಟ್ಟುವ ಮುನ್ನ ಇದನ್ನೇ ಸಡಿಲಿಸುವ ಬಗ್ಗೆ ಯೋಚಿಸಲಿ.

ಭತ್ಯೆಯ ಮೊತ್ತವೇ ಯಾರು ಬರುತ್ತಾರೆ ಎಂದು ತೀರ್ಮಾನಿಸುತ್ತದೆ

ರೂಸ್‌ವೆಲ್ಟ್ ಕಾಲದ ಸಿವಿಲಿಯನ್ ಕನ್ಸರ್ವೇಶನ್ ಕಾರ್ಪ್ಸ್ 1933ರಿಂದ 1942ರವರೆಗೆ ಸುಮಾರು 30 ಲಕ್ಷ ಯುವಕರನ್ನು ಕಾಡು, ಉದ್ಯಾನಗಳಲ್ಲಿ ದುಡಿಸಿತು. ತಿಂಗಳಿಗೆ 30 ಡಾಲರ್, ಅದರಲ್ಲಿ 25 ಮನೆಗೆ ಹೋಗುತ್ತಿತ್ತು. ಊಟ, ವಸತಿ, ಬಟ್ಟೆ ಶಿಬಿರದ್ದೇ. ಬಡ ಮನೆಯ ಹುಡುಗರಿಗೆಂದೇ ಕಟ್ಟಿದ್ದು, ಅವರೇ ಬಂದರು. 1964ರ ಬಡತನ ವಿರೋಧಿ ಕಾಯ್ದೆಯಿಂದ ಬಂದ ವಿಸ್ಟಾ ಎಂಬ ಸೇವಾ ಯೋಜನೆಯಲ್ಲಿ ಭತ್ಯೆಯನ್ನು ಬಡತನ ರೇಖೆಯ ಸುತ್ತ ಇಟ್ಟರು. ಬಡವರ ನಡುವೆ ಕೆಲಸ ಮಾಡುವವರು ಅವರಂತೆಯೇ ಬದುಕಲಿ ಎಂಬ ಆದರ್ಶ. ಅಮೆರಿಕಾರ್ಪ್ಸ್‌ನ ಕನಿಷ್ಠ ಭತ್ಯೆಗೆ ಇಂದಿಗೂ ವಿಸ್ಟಾದ ಭತ್ಯೆಯೇ ಅಳತೆಗೋಲು. ಆದರ್ಶವೇನೋ ಸರಿ, ಆದರೆ ಬಾಡಿಗೆ ದುಬಾರಿಯಾದ ನಗರದಲ್ಲಿ ಅದರಿಂದ ಬದುಕಬಲ್ಲವರು ಅಪ್ಪ ಅಮ್ಮನ ಆಸರೆ ಇರುವವರು ಮಾತ್ರ. ‘ಎಲ್ಲ ವರ್ಗದವರೂ ಒಟ್ಟಿಗೆ ದುಡಿಯಲಿ’ ಎಂದು ಮುನ್ನುಡಿಯಲ್ಲಿ ಬರೆದು, ಭತ್ಯೆಯ ಸಾಲಿನಲ್ಲಿ ಅದಕ್ಕೆ ಬೀಗ ಹಾಕುವ ಪ್ರಸ್ತಾವಗಳೇ ಹೆಚ್ಚು.

ಪರೀಕ್ಷೆ ಸುಲಭ. ಭತ್ಯೆಯನ್ನು ಸೇವೆಯ ತಿಂಗಳುಗಳಿಂದ ಭಾಗಿಸಿ. ಆ ಊರಿನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಯ ಬಾಡಿಗೆ, ಬಸ್ ಪಾಸು, ಊಟ ಕಳೆಯಿರಿ. ಉಳಿದದ್ದು ಸೊನ್ನೆಗಿಂತ ಕೆಳಗಿದ್ದರೆ ಸ್ಥಾನ ತುಂಬುವುದಿಲ್ಲ, ತುಂಬಿದರೂ ಆರನೇ ತಿಂಗಳಿಗೆ ಖಾಲಿಯಾಗುತ್ತದೆ. ಇನ್ನೂ ಎರಡು ಸಾಲು ಹುಡುಕಿ: ಈ ಭತ್ಯೆ ಬಂದ ಕಾರಣಕ್ಕೆ ಕುಟುಂಬಕ್ಕೆ ಸಿಗುತ್ತಿದ್ದ ವಸತಿ ಅಥವಾ ಆಹಾರದ ನೆರವು ಕಡಿತವಾಗದು ಎಂಬ ಖಾತ್ರಿ, ಪುಟ್ಟ ಮಕ್ಕಳಿರುವವರಿಗೆ ಶಿಶುಪಾಲನೆಯ ನೆರವು. ಫ್ರಾನ್ಸಿನ ಸರ್ವಿಸ್ ಸಿವಿಕ್‌ನಲ್ಲಿ ಇನ್ನೊಂದು ಒಳ್ಳೆಯ ನಿಯಮವಿದೆ: ಸಂಸ್ಥೆಗಳು ಅಭ್ಯರ್ಥಿಯಿಂದ ಪದವಿ, ಅನುಭವ ಕೇಳುವಂತಿಲ್ಲ. ಕೇಳಲು ಬಿಟ್ಟರೆ ಎಲ್ಲ ಸಂಸ್ಥೆಯೂ ಪದವೀಧರರನ್ನೇ ಆರಿಸುತ್ತದೆ, ಇದು ಯಾರ ದುರುದ್ದೇಶವೂ ಅಲ್ಲ, ಮನುಷ್ಯ ಸಹಜ.

ಯಾರ ಕೆಲಸವನ್ನೂ ಕಸಿಯದಂತೆ

ಅಗ್ಗದ ಕೈಗಳು ಸಿಕ್ಕರೆ ಸಂಬಳದ ನೌಕರರನ್ನು ಬಿಡಿಸುವ ಆಸೆ ಹುಟ್ಟುತ್ತದೆ. ಅಮೆರಿಕದ ಕಾಯ್ದೆ ಇದನ್ನು ನೇರವಾಗಿ ನಿಷೇಧಿಸಿದೆ: ಸದಸ್ಯರನ್ನು ತೋರಿಸಿ ನೌಕರರನ್ನು ತೆಗೆಯುವಂತಿಲ್ಲ, ಅವರ ಗಂಟೆ ಕಡಿಮೆ ಮಾಡುವಂತಿಲ್ಲ, ಖಾಲಿ ಹುದ್ದೆಗೆ ಸದಸ್ಯರನ್ನು ಕೂರಿಸುವಂತಿಲ್ಲ, ಅದೇ ಬಗೆಯ ಕೆಲಸ ಮಾಡುವ ನೌಕರರ ಸಂಘ ಅಲ್ಲಿದ್ದರೆ ಅದರ ಲಿಖಿತ ಒಪ್ಪಿಗೆ ಬೇಕು. ಹೊಸ ಪ್ರಸ್ತಾವದಲ್ಲಿ ಈ ಕಲಂಗಳು ಉಳಿದಿವೆಯೇ, ‘ಪ್ರಕ್ರಿಯೆ ಸರಳೀಕರಣ’ದ ಹೆಸರಿನಲ್ಲಿ ಜಾರಿಹೋಗಿವೆಯೇ ನೋಡಿ. ಜರ್ಮನಿ 2011ರ ಜುಲೈ 1ರಂದು, ಕಡ್ಡಾಯ ಸೈನಿಕ ಸೇವೆಯನ್ನೂ ಅದಕ್ಕೆ ಬದಲಿಯಾಗಿದ್ದ ನಾಗರಿಕ ಸೇವೆಯನ್ನೂ ನಿಲ್ಲಿಸಿದ ಹೊತ್ತಿಗೆ, ಎಲ್ಲ ವಯಸ್ಸಿನವರಿಗೂ ತೆರೆದ ಒಕ್ಕೂಟ ಸ್ವಯಂಸೇವೆ ಆರಂಭಿಸಿತು. ಆರೈಕೆ ಮನೆಗಳು ಅಲ್ಲಿಯವರೆಗೆ ಕಡ್ಡಾಯದ ಹುಡುಗರ ಮೇಲೆ ನಿಂತಿದ್ದವು. ಅದಕ್ಕೇ ಸ್ವಯಂಸೇವಕರು ಪೂರಕ ಕೆಲಸ ಮಾತ್ರ ಮಾಡಬೇಕು, ಉದ್ಯೋಗ ಮಾರುಕಟ್ಟೆಗೆ ಧಕ್ಕೆಯಾಗಬಾರದು ಎಂಬ ಷರತ್ತು ಕಾನೂನಿನಲ್ಲೇ ಬಂತು.

ಕೆಲಸ ಪೂರಕವೋ ಬದಲಿಯೋ ಎಂದು ಪತ್ತೆಹಚ್ಚಲು ಒಂದು ಪ್ರಶ್ನೆ ಸಾಕು: ನಾಳೆ ಈ ಸದಸ್ಯ ಬರದಿದ್ದರೆ ಸಂಸ್ಥೆಯ ಬಾಗಿಲು ತೆರೆಯುತ್ತದೆಯೇ? ತೆರೆಯದಿದ್ದರೆ ಅದು ಹುದ್ದೆ. ಓದಲು ತಡವರಿಸುವ ಮಗುವಿನ ಪಕ್ಕ ಕೂತು ಓದಿಸುವುದು ಸೇವೆ. ತರಗತಿಯ ಹೊಣೆಯನ್ನೇ ಹೊರುವುದು ಶಿಕ್ಷಕರ ಹುದ್ದೆ.

ರಾಜಕೀಯದ ಗೋಡೆಯೂ ಬೇಕು. ಸೇವೆಯ ಗಂಟೆಗಳಲ್ಲಿ ಪಕ್ಷದ ಪ್ರಚಾರ, ಶಾಸನದ ಮೇಲೆ ಪ್ರಭಾವ ಬೀರುವುದು, ಪ್ರತಿಭಟನೆ, ಮತದಾರರ ನೋಂದಣಿ ಅಭಿಯಾನ, ಕಾರ್ಮಿಕ ಸಂಘಟನೆಯ ಪರ ಅಥವಾ ವಿರುದ್ಧ ಕೆಲಸ, ಧರ್ಮಬೋಧನೆ ಇವು ಅಮೆರಿಕಾರ್ಪ್ಸ್‌ನಲ್ಲಿ ನಿಷಿದ್ಧ. ನಿಮ್ಮ ಪಕ್ಷದ ಇಷ್ಟದ ವಿಷಯಕ್ಕೆಂದೇ ಹೊಸ ಪಡೆ ಕಟ್ಟುವ ಆಸೆಯಿದ್ದರೆ, ಎದುರು ಪಕ್ಷ ಅಧಿಕಾರಕ್ಕೆ ಬಂದ ದಿನ ಅದರ ಗತಿ ಏನು ಎಂದು ಮೊದಲೇ ಯೋಚಿಸಿ. ಕ್ಲೈಮೇಟ್ ಕಾರ್ಪ್ಸ್‌ನ ಕತೆ ಮೇಲೆಯೇ ಇದೆ.

ಕೆಲಸ ಕೊಡುವವರು ಯಾರು, ಯಾವಾಗ

ಪ್ರಸ್ತಾವಗಳು ತೀರಾ ತೆಳುವಾಗುವ ಜಾಗ ಇದು. 75,000ದಿಂದ 2.5 ಲಕ್ಷಕ್ಕೆ ಹೋಗಲು 1.75 ಲಕ್ಷ ಹೊಸ ಸ್ಥಾನ ಬೇಕು. ಹನ್ನೆರಡಕ್ಕೆ ಒಬ್ಬರಂತೆ ಸುಮಾರು 14,600 ಮೇಲ್ವಿಚಾರಕರು. ಅವರು ಸದಸ್ಯರಿಗಿಂತ ಒಂದು ವರ್ಷ ಮೊದಲೇ ಕೆಲಸದಲ್ಲಿರಬೇಕು, ಏಕೆಂದರೆ ಶಾಲೆ, ಆಸ್ಪತ್ರೆಗಳೊಂದಿಗೆ ಕರಾರು ಮಾಡುವವರು, ಕೆಲಸದ ವಿವರ ಬರೆಯುವವರು ಅವರೇ. ಮೇಲ್ವಿಚಾರಕನಿಲ್ಲದ ಸದಸ್ಯನನ್ನು ಗುರುತಿಸುವುದು ಸುಲಭ: ಮೂರನೇ ವಾರ ಝೆರಾಕ್ಸ್ ಯಂತ್ರದ ಪಕ್ಕ, ಐದನೇ ವಾರ ಫೋನಿನಲ್ಲಿ, ಎಂಟನೇ ವಾರ ರಾಜೀನಾಮೆ ಪತ್ರ.

ಹಣ ಬಹುಪಾಲು ರಾಜ್ಯಗಳ ಸೇವಾ ಆಯೋಗಗಳ ಮೂಲಕ ಹರಿಯುತ್ತದೆ. ಗವರ್ನರ್ ನೇಮಿಸುವ 15ರಿಂದ 25 ಮತಾಧಿಕಾರವಿರುವ ಸದಸ್ಯರ ಆಯೋಗ ಅದು. ಕಚೇರಿಯಲ್ಲಿ ಇರುವುದು ಬೆರಳೆಣಿಕೆಯ ಸಿಬ್ಬಂದಿ. ಸ್ಥಾನ ಮೂರು ಪಟ್ಟು ಆದರೆ ಅವರ ಮೇಜಿನ ಕಡತಗಳೂ ಮೂರು ಪಟ್ಟು. ಆಯೋಗಗಳ ಆಡಳಿತ ವೆಚ್ಚಕ್ಕೆ ಪ್ರತ್ಯೇಕ ಸಾಲು ಇಲ್ಲದ ಪ್ರಸ್ತಾವವನ್ನು ಅಲ್ಲಿಗೇ ವಾಪಸ್ ಕಳಿಸಿ. ಜೊತೆಗೆ ಪ್ರತಿ ಸದಸ್ಯನಿಗೂ ಮೂರು ಹಂತದ ಹಿನ್ನೆಲೆ ತಪಾಸಣೆ: ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಪಟ್ಟಿ, ರಾಜ್ಯದ ಅಪರಾಧ ದಾಖಲೆ, ಎಫ್‌ಬಿಐ ಬೆರಳಚ್ಚು. ಇದು ಬೇಕೇ ಬೇಕು. ಆದರೆ ಆಗಸ್ಟ್‌ನಲ್ಲಿ ಎಲ್ಲರದೂ ಒಟ್ಟಿಗೆ ಬಂದರೆ ತಡವಾಗುತ್ತದೆ, ತಡವಾದಷ್ಟು ದಿನದ ಗಂಟೆಗಳನ್ನು ಸದಸ್ಯ ಮುಂದೆ ಓಡಿ ಹಿಡಿಯಬೇಕು.

ಕ್ಯಾಲೆಂಡರ್ ಹೀಗಿಟ್ಟುಕೊಳ್ಳಿ. ಕೇಂದ್ರದ ಆರ್ಥಿಕ ವರ್ಷ ಅಕ್ಟೋಬರ್ 1ಕ್ಕೆ ಶುರು, ಧನವಿನಿಯೋಗ ಆ ದಿನಕ್ಕೆ ಪಾಸಾಗುವುದು ವಿರಳ; ಶಾಲಾ ಕಾರ್ಯಕ್ರಮಗಳು ಸೆಪ್ಟೆಂಬರ್‌ಗೆ ಶುರು. ಹಾಗಾಗಿ ಮೊದಲ ವರ್ಷ ಹೊಸ ಸ್ಥಾನ ಬೇಡ. ಮೇಲ್ವಿಚಾರಕರು, ಆಯೋಗಗಳ ಸಿಬ್ಬಂದಿ, ಸಂಸ್ಥೆಗಳ ಆಯ್ಕೆ ಮಾತ್ರ. ಎರಡನೇ ವರ್ಷ ಇರುವುದರ ಮೇಲೆ ಶೇ 15ರಿಂದ 20 ಏರಿಕೆ. ಆಮೇಲಿನ ಏರಿಕೆಯನ್ನು ಎರಡು ಅಳತೆಗೆ ಕಟ್ಟಿಹಾಕಿ: ಹಿಂದಿನ ವರ್ಷದ ಸ್ಥಾನಗಳಲ್ಲಿ ಎಷ್ಟು ಪಾಲು ತುಂಬಿದವು, ಸೇರಿದವರಲ್ಲಿ ಎಷ್ಟು ಪಾಲು ಮುಗಿಸಿದರು. ಭಾಷಣಕ್ಕೆ ಇದು ಸಪ್ಪೆ ಎನಿಸೀತು, ಆದರೆ 2002ರ ಮುಜುಗರ ತಪ್ಪುತ್ತದೆ.

ನಡುದಾರಿಯಲ್ಲಿ ನಿಂತುಹೋದರೆ

ಈ ಕಲಂ ಬರೆಯಲು ಯಾರಿಗೂ ಇಷ್ಟವಿಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕಾರ್ಪ್ಸ್‌ನ ಸುಮಾರು 40 ಕೋಟಿ ಡಾಲರ್ ಅನುದಾನಗಳನ್ನು ಒಮ್ಮೆಲೇ ರದ್ದುಮಾಡಲಾಯಿತು. ಶಿಬಿರಗಳಲ್ಲಿದ್ದು ದೇಶದುದ್ದ ಓಡಾಡುತ್ತಿದ್ದ ಎನ್‌ಸಿಸಿಸಿ ಪಡೆಯ ಸದಸ್ಯರನ್ನು ಅವಧಿಯ ನಡುವೆಯೇ ಮನೆಗೆ ಕಳಿಸಿದರು. ಕೆಲವು ರಾಜ್ಯಗಳು ನ್ಯಾಯಾಲಯಕ್ಕೆ ಹೋಗಿ ಜೂನ್‌ನಲ್ಲಿ ತಮ್ಮ ಪಾಲಿಗೆ ಆದೇಶ ತಂದವು. ಇಂಥ ಹೊತ್ತಿನಲ್ಲಿ ಸದಸ್ಯನ ಕೈಯಲ್ಲಿ ಏನಿರುತ್ತದೆ ಎಂಬುದು ಪ್ರಸ್ತಾವದಲ್ಲೇ ಬರೆದಿರಬೇಕು.

ಈಗಿನ ನಿಯಮದಂತೆ, ತನ್ನ ಕೈಮೀರಿದ ಬಲವಾದ ಕಾರಣದಿಂದ ಬಿಡುವವರಿಗೆ ಅವಧಿಯ ಶೇ 15ರಷ್ಟು ಮುಗಿಸಿದ್ದರೆ ಮಾಡಿದ ಗಂಟೆಗೆ ತಕ್ಕ ಶಿಕ್ಷಣದ ಹಣ ಸಿಗುತ್ತದೆ. ಸುಮ್ಮನೆ ಬಿಟ್ಟವರಿಗೆ ಒಂದು ಪೈಸೆಯೂ ಇಲ್ಲ. 1,700ಕ್ಕೆ ಶೇ 15 ಎಂದರೆ 255 ಗಂಟೆ, ಹೆಚ್ಚುಕಡಿಮೆ ಏಳು ವಾರ. ಸರ್ಕಾರವೇ ಯೋಜನೆ ನಿಲ್ಲಿಸಿದಾಗ ಆ 255ರ ಗೆರೆಯೂ ಇರಬಾರದು. ಕಲಂ ಹೀಗಿರಲಿ: ಅನುದಾನ ರದ್ದಾದರೆ 30 ದಿನದ ಭತ್ಯೆ, ಅದೇ 30 ದಿನ ಆರೋಗ್ಯ ವಿಮೆ, ಮನೆಗೆ ಹೋಗುವ ಪ್ರಯಾಣ ವೆಚ್ಚ, ಮಾಡಿದ ಪ್ರತಿ ಗಂಟೆಗೆ ಪ್ರಮಾಣದಂತೆ ಶಿಕ್ಷಣದ ಹಣ. ಇದರ ವೆಚ್ಚವನ್ನು ಮೇಲಿನ 33,530ರ ಲೆಕ್ಕಕ್ಕೆ ಸೇರಿಸಬೇಡಿ, ಟ್ರಸ್ಟಿನೊಳಗೆ ಬೇರೆ ಮೀಸಲು ಇಡಿ. ಅನುದಾನ ನಿಂತ ದಿನ ಸಂಸ್ಥೆಯ ಖಾತೆಯೂ ಖಾಲಿಯಾಗಿರುತ್ತದೆ.